ಹಣೆಯ ಬಿಳುಪನ್ನು ಎಷ್ಟು ನಂಬಬಹುದು? ಬೂದು ಹೆಬ್ಬಾತುಗಳ ಗುರುತಿನ ಬಗ್ಗೆ ಒಂದು ಟಿಪ್ಪಣಿ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋದವರಿಗೆ ಹೆಬ್ಬಾತು ಎಂದರೆ ಒಂದೇ ಹಕ್ಕಿ. ಬಿಳಿಯ ತಲೆ, ಅದರ ಹಿಂಭಾಗದಲ್ಲಿ ಎರಡು ಕಪ್ಪು ಗೀರು, ಕತ್ತಿನ ಬದಿಯಲ್ಲಿ ಉದ್ದಕ್ಕೂ ಇಳಿದ ಬಿಳಿ ಪಟ್ಟಿ. ಪಟ್ಟೆತಲೆ ಹೆಬ್ಬಾತನ್ನು ಗುರುತಿಸಲು ಪುಸ್ತಕ ಬೇಡ, ಊರಿನ ಹುಡುಗರೇ ಕೈ ತೋರಿಸಿ ಹೇಳುತ್ತಾರೆ. ಹಗಲಿಡೀ ಕೆರೆಯಲ್ಲಿ ತಂಗಿ, ಮೇವಿಗೆ ಸುತ್ತಲಿನ ಹೊಲಗಳಿಗೆ ಹಾರುವ ಈ ಹಕ್ಕಿಗಳಿಂದಲೇ ಕೆರೆಗೆ ಹೆಸರು ಬಂತು. 2024ರಲ್ಲಿ ಅದು ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು.

ತೊಡಕು ಶುರುವಾಗುವುದು ಈ ಹಿಂಡಿನಲ್ಲಿ ಗೀರಿಲ್ಲದ ಒಂದು ಹಕ್ಕಿ ಕಂಡಾಗ. ತಲೆಯ ಮೇಲೆ ಕಪ್ಪು ಗೀರಿಲ್ಲ, ನೆತ್ತಿ ಮತ್ತು ಕತ್ತಿನ ಹಿಂಭಾಗ ಮಾಸಲು ಕಂದು, ಮುಖ ಮಾತ್ರ ತಿಳಿ. ನೋಡಿದವರು ಮೊದಲು ಬೂದು ಹೆಬ್ಬಾತು ಎನ್ನುತ್ತಾರೆ. ಕೊಕ್ಕಿನ ಬುಡದಲ್ಲಿ ಬಿಳುಪು ಇದ್ದಂತೆ ಕಂಡರೆ ಬಿಳಿಹಣೆ ಹೆಬ್ಬಾತು ಎಂದುಬಿಡುತ್ತಾರೆ. ನಾನೂ ಒಮ್ಮೆ ಹಾಗೆಯೇ ಅಂದುಕೊಂಡು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಅರ್ಧ ಗಂಟೆಯ ಬಳಿಕ ಆ ಹಕ್ಕಿ ನೀರಿನಿಂದ ದಡಕ್ಕೆ ಹತ್ತಿತು. ಅದರ ಮುಂದೊಂದು, ಹಿಂದೊಂದು ಗೀರುಳ್ಳ ದೊಡ್ಡ ಹಕ್ಕಿ. ಅಪ್ಪ, ಅಮ್ಮ, ನಡುವೆ ಮಗು. ಪಟ್ಟೆತಲೆಯ ಎಳೆಹಕ್ಕಿಗೆ ಮೊದಲ ಚಳಿಗಾಲದ ಆರಂಭದಲ್ಲಿ ಗೀರು ಇರುವುದಿಲ್ಲ, ಅದು ಮೆಲ್ಲಗೆ ಮೂಡುತ್ತದೆ. ಪುಸ್ತಕದಲ್ಲಿ ಬರೆದದ್ದನ್ನು ಹೊಡೆದುಹಾಕಿದೆ. ಈ ಟಿಪ್ಪಣಿ ಹುಟ್ಟಿದ್ದು ಆ ಹೊಡೆದ ಗೆರೆಯಿಂದ.

ಆ ದಿನ ನನಗೆ ಹೊಳೆದ ಮಾತು ಸಣ್ಣದು. ಹೆಬ್ಬಾತಿನ ಹೆಸರು ಕೇಳುವ ಮೊದಲು ವಯಸ್ಸು ಕೇಳಬೇಕು; ವಯಸ್ಸು ತಿಳಿಯದಿದ್ದರೆ ಅದರ ಮನೆಯವರನ್ನು ನೋಡಬೇಕು. ಬಾತುಕೋಳಿಗಳಲ್ಲಿ ಈ ಅನುಕೂಲವಿಲ್ಲ. ಹೆಬ್ಬಾತುಗಳಲ್ಲಿ ಜೋಡಿ ವರ್ಷಗಟ್ಟಲೆ ಉಳಿಯುತ್ತದೆ, ಆ ವರ್ಷದ ಮರಿಗಳು ವಲಸೆಯಲ್ಲೂ ಚಳಿಗಾಲದ ನೆಲೆಯಲ್ಲೂ ತಂದೆತಾಯಿಯ ಜೊತೆಗೇ ಇರುತ್ತವೆ. ಸಾವಿರ ಹಕ್ಕಿಯ ಹಿಂಡೆಂದು ದೂರದಿಂದ ಕಾಣುವುದು ನೂರಾರು ಸಂಸಾರಗಳ ಸಂತೆ. ಒಂಟಿ ಹಕ್ಕಿಯ ಮೇಲೆ ಕಣ್ಣು ನೆಟ್ಟು ಗರಿ ಎಣಿಸುವುದಕ್ಕಿಂತ, ಅದು ಯಾರ ಪಕ್ಕದಲ್ಲಿ ಮೇಯುತ್ತಿದೆ, ಯಾರು ಅದನ್ನು ಕುಕ್ಕಿ ಓಡಿಸುತ್ತಿಲ್ಲ ಎಂದು ನೋಡಿದರೆ ಎಷ್ಟೋ ಸಲ ಉತ್ತರ ಬೇಗ ಸಿಗುತ್ತದೆ.

ಆನ್ಸರ್ ಕುಲದ ಹೆಬ್ಬಾತುಗಳೆಲ್ಲ ಹತ್ತಿರದ ಬಂಧುಗಳು. ಪಟ್ಟೆತಲೆಯೂ ಇದೇ ಕುಲದ್ದು. ಇವುಗಳಲ್ಲಿ ಬೂದುಗಂದು ಮೈಯವು ಒಂದರ ಪಕ್ಕ ಒಂದು ನಿಂತರೆ ಕಣ್ಣು ಸೋಲುತ್ತದೆ. ಭಾರತಕ್ಕೆ ಬರುವವುಗಳಲ್ಲಿ ಬೂದು ಹೆಬ್ಬಾತು ಉತ್ತರದ ಜೌಗುಗಳಲ್ಲಿ ಸಾಮಾನ್ಯ. ಭರತಪುರದಲ್ಲಿ, ಪಂಜಾಬಿನ ಹರಿಕೆಯಲ್ಲಿ, ಒಡಿಶಾದ ಚಿಲಿಕಾದಲ್ಲಿ ಅದನ್ನು ನೋಡಬಹುದು. ಹಿರಿ ಬಿಳಿಹಣೆ ವಿರಳ, ಕಿರು ಬಿಳಿಹಣೆ ಇನ್ನೂ ವಿರಳ. ವಿರಳವಾದದ್ದನ್ನು ಕಾಣುವ ಆಸೆ ಎಲ್ಲರಿಗೂ ಇರುವುದರಿಂದ ತಪ್ಪುಗಳೂ ಈ ಎರಡರ ಸುತ್ತಲೇ ಹೆಚ್ಚು.

ಮೊದಲು ಬೂದು ಹೆಬ್ಬಾತು. ಗಾತ್ರದಲ್ಲಿ ಇದು ಗುಂಪಿನ ದೊಡ್ಡಣ್ಣ. 76ರಿಂದ 89 ಸೆಂ.ಮೀ. ಉದ್ದ, ದಪ್ಪ ತಲೆ, ದಪ್ಪ ಕೊಕ್ಕು, ಉಳುಮೆ ಮಾಡಿದ ಸಾಲುಗಳಂತೆ ಮಡಿಕೆಬಿದ್ದ ಕತ್ತಿನ ಗರಿ. ನಮ್ಮಲ್ಲಿಗೆ ಬರುವ ಪೂರ್ವದ ಉಪಪ್ರಭೇದದ ಕೊಕ್ಕು ಗುಲಾಬಿ. ಪಶ್ಚಿಮ ಯುರೋಪಿನದು ಕಿತ್ತಳೆ. ಕಾಲು ಎರಡರಲ್ಲೂ ಮಾಂಸದ ಬಣ್ಣದ ತಿಳಿಗುಲಾಬಿ. ಹಾರಿದಾಗ ರೆಕ್ಕೆಯ ಮುಂಭಾಗ ಬೆಳ್ಳಗೆ ಹೊಳೆಯುತ್ತದೆ, ಮೋಡದ ದಿನದಲ್ಲೂ ಎದ್ದು ಕಾಣುವಷ್ಟು. ಅಡಿರೆಕ್ಕೆಯೂ ಎರಡು ಬಣ್ಣ: ಮುಂದೆ ತಿಳಿ, ಹಿಂದೆ ಕಪ್ಪು. ಬಿಳಿಹಣೆಗಳ ಅಡಿರೆಕ್ಕೆ ಒಂದೇ ಸಮನೆ ಕಡುಕಂದು. ಹಾರುವ ಹಕ್ಕಿಯ ಕೊಕ್ಕು ಕಾಣದಿದ್ದರೂ ಈ ಒಂದು ಗುರುತಿನಿಂದ ಬೂದು ಹೆಬ್ಬಾತನ್ನು ಬೇರ್ಪಡಿಸಬಹುದು. ಪಟ್ಟೆತಲೆಯ ರೆಕ್ಕೆಯ ಮುಂಭಾಗವೂ ತಿಳಿಬೂದು. ಆದ್ದರಿಂದ ಕರ್ನಾಟಕದಲ್ಲಿ ಈ ಗುರುತೊಂದನ್ನೇ ಹಿಡಿದು ಬೂದು ಹೆಬ್ಬಾತು ಎಂದು ಬರೆಯುವಂತಿಲ್ಲ. ಇಲ್ಲಿ ನೋಡಬೇಕಾದ್ದು ಕೊಕ್ಕಿನ ತುದಿಯ ಉಗುರು: ಬಲಿತ ಪಟ್ಟೆತಲೆಯಲ್ಲಿ ಅದು ಕಪ್ಪು, ಬಲಿತ ಬೂದು ಹೆಬ್ಬಾತಿನಲ್ಲಿ ಬಿಳಿ.

ಇನ್ನೊಂದು ಗೊಂದಲ ಸಾಕುಹಕ್ಕಿಯದು. ಯುರೋಪಿನ ಸಾಕು ಹೆಬ್ಬಾತಿನ ಮೂಲ ಬೂದು ಹೆಬ್ಬಾತು. ಕೊಕ್ಕಿನ ಬುಡದಲ್ಲಿ ಗುಬ್ಬಿರುವ ಚೀನಾ ತಳಿಯ ಮೂಲ ಹಂಸ ಹೆಬ್ಬಾತು ಎಂಬ ಬೇರೆ ಪ್ರಭೇದ. ತೋಟದ ಮನೆಗಳಲ್ಲಿ ಕಾವಲಿಗೆಂದು ಸಾಕಿದವು ಹತ್ತಿರದ ಕೆರೆಗೆ ಇಳಿದಾಗ ದೂರದಿಂದ ಫೋಟೋ ತೆಗೆದವರು ಹಿಗ್ಗುತ್ತಾರೆ. ಸಾಕುಹಕ್ಕಿಯ ಹಿಂಭಾಗ ಜೋತುಬಿದ್ದು ಭಾರವಾಗಿರುತ್ತದೆ, ನಿಲುವು ನೆಟ್ಟಗೆ. ಕಾಡಿನ ಹಕ್ಕಿ ಮೇಯುವಾಗ ಮೈ ನೆಲಕ್ಕೆ ಸಮಾನಾಂತರ. ಮನುಷ್ಯ ಹತ್ತಿರ ಬಂದರೆ ಏನು ಮಾಡುತ್ತದೆ ಎಂಬುದೂ ಒಂದು ಗುರುತೇ. ಊಟದ ಚೀಲ ನೋಡಿ ಓಡಿಬಂದ ಹೆಬ್ಬಾತು ಸೈಬೀರಿಯಾದಿಂದ ಬಂದದ್ದಲ್ಲ.

ಈಗ ಹಣೆಯ ಬಿಳುಪಿಗೆ ಬರೋಣ. ಹಿರಿ ಬಿಳಿಹಣೆಯ ಶಾಸ್ತ್ರೀಯ ಹೆಸರು ಆನ್ಸರ್ ಆಲ್ಬಿಫ್ರಾನ್ಸ್. 1769ರಲ್ಲಿ ಸ್ಕೋಪೋಲಿ ಕೊಟ್ಟದ್ದು, ಅರ್ಥ ಬಿಳಿಹಣೆ ಎಂದೇ. ಕಿರು ಬಿಳಿಹಣೆ ಆನ್ಸರ್ ಎರಿಥ್ರೋಪಸ್; 1758ರಲ್ಲಿ ಲಿನ್ನೇಯಸ್ ಇಟ್ಟದ್ದು, ಅರ್ಥ ಕೆಂಗಾಲು. ಹಣೆ ಎರಡಕ್ಕೂ ಬಿಳಿ, ಕಾಲು ಎರಡಕ್ಕೂ ಕಿತ್ತಳೆ. ಒಂದರ ಹೆಸರು ಇನ್ನೊಂದಕ್ಕೂ ಅಷ್ಟೇ ಒಪ್ಪುತ್ತದೆ. ಹೆಸರು ಇಟ್ಟವರ ತಪ್ಪೇನಲ್ಲ. ಅವರ ಮುಂದೆ ಇದ್ದದ್ದು ಒಂದೊಂದು ಹಕ್ಕಿ, ನಮ್ಮ ಮುಂದೆ ಇರುವುದು ಎರಡೂ ಬೆರೆತ ಹಿಂಡು.

ಬಲಿತ ಹಿರಿ ಬಿಳಿಹಣೆಯಲ್ಲಿ ಬಿಳುಪು ಕೊಕ್ಕಿನ ಬುಡವನ್ನು ಸುತ್ತುವರಿದು ಹಣೆಯ ಮೇಲೆ ಸ್ವಲ್ಪ ಏರಿ ನಿಲ್ಲುತ್ತದೆ. ಕಿರಿದರಲ್ಲಿ ಅದು ಕಣ್ಣಿನ ಮೇಲಕ್ಕೂ ಹಾಯ್ದು ನೆತ್ತಿಯ ಕಡೆಗೆ ಚೂಪಾಗಿ ಹೋಗುತ್ತದೆ. ಚಿತ್ರದಲ್ಲಿ ಇದು ಸ್ಪಷ್ಟ. ಹೊಲದಲ್ಲಿ ಹಕ್ಕಿ ತಲೆ ತಗ್ಗಿಸಿ ಮೇಯುವಾಗ, ತಲೆ ಓರೆ ಮಾಡಿದಾಗ, ಎದುರಿನಿಂದ ಬಿಸಿಲು ಬಿದ್ದಾಗ ಹಿರಿದರ ಬಿಳುಪು ಮೇಲೇರಿದಂತೆಯೂ ಕಿರಿದರದು ಕುಗ್ಗಿದಂತೆಯೂ ಕಾಣುತ್ತದೆ. ಇದಲ್ಲದೆ ಬಿಳುಪಿನ ವಿಸ್ತಾರ ಹಕ್ಕಿಯಿಂದ ಹಕ್ಕಿಗೆ ಬದಲಾಗುತ್ತದೆ. ಬೂದು ಹೆಬ್ಬಾತಿನ ಕೊಕ್ಕಿನ ಬುಡದಲ್ಲೂ ಕೆಲವೊಮ್ಮೆ ಕಿರಿದಾದ ಬಿಳಿ ಅಂಚು ಇರುತ್ತದೆ. ಬೀನ್ ಹೆಬ್ಬಾತುಗಳಲ್ಲೂ ಅಷ್ಟೇ. ಇದಕ್ಕಿಂತ ದೊಡ್ಡ ತೊಡಕೆಂದರೆ, ಎರಡೂ ಬಿಳಿಹಣೆಗಳ ಎಳೆಹಕ್ಕಿಗೆ ಹಣೆಯಲ್ಲಿ ಬಿಳುಪೇ ಇಲ್ಲ. ಅದರ ಜಾಗದಲ್ಲಿ ಕಡುಕಂದು ಇರುತ್ತದೆ. ಬಿಳುಪು ಮೂಡುವುದು ಮೊದಲ ಚಳಿಗಾಲ ಕಳೆಯುತ್ತಾ. ಹೊಟ್ಟೆಯ ಕಪ್ಪು ಪಟ್ಟೆಗಳು ಬರಲು ಮುಂದಿನ ವರ್ಷ ಬೇಕು. ಅಂದರೆ ಹೆಸರಿಗೆ ಕಾರಣವಾದ ಗುರುತು ಬಿಳಿಹಣೆಯಲ್ಲದ ಹಕ್ಕಿಗೆ ಇರಬಹುದು, ಬಿಳಿಹಣೆಗೇ ಇಲ್ಲದಿರಬಹುದು. ಇಂಥ ಗುರುತನ್ನು ಸಾಕ್ಷಿಗಳ ಸಾಲಿನಲ್ಲಿ ಕೊನೆಗೆ ಕೂರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಮುಂದೆ ಕೂರಬೇಕಾದದ್ದು ಯಾವುದು? ಎಲ್ಲ ವಯಸ್ಸಿನಲ್ಲೂ ಇರುವ ಗುರುತು. ಕಿರು ಬಿಳಿಹಣೆಯ ಕಣ್ಣಿನ ಸುತ್ತ ಹಳದಿ ಬಳೆಯಿದೆ. ಬಲಿತದ್ದರಲ್ಲಿ ಅದು ಉಬ್ಬಿದಂತೆ ಹೊಳೆಯುತ್ತದೆ, ಎಳೆಯದರಲ್ಲಿ ಸ್ವಲ್ಪ ಮಂಕು, ಆದರೆ ಇದ್ದೇ ಇರುತ್ತದೆ. ಇಲ್ಲೂ ಒಂದು ಎಚ್ಚರ ಬೇಕು. ಕೆಲವು ಹಿರಿ ಬಿಳಿಹಣೆಗಳಿಗೂ ತೆಳುವಾದ ಮಾಸಲು ಬಳೆ ಇರುತ್ತದೆ, ಒಳ್ಳೆಯ ಸ್ಪಾಟಿಂಗ್ ಸ್ಕೋಪ್‌ನಲ್ಲಿ ಅದೂ ಕಾಣುತ್ತದೆ. ಬಳೆಯ ಜೊತೆಗೆ ಕೊಕ್ಕನ್ನೂ ನೋಡಬೇಕು. ಕಿರಿದರ ಕೊಕ್ಕು ಮೊಟಕು, ಚಿಕ್ಕದು, ಹೊಳೆಯುವ ಗುಲಾಬಿ. ಹಣೆ ಕಡಿದಾಗಿ ಎದ್ದು ತಲೆ ಗುಂಡಗಿರುತ್ತದೆ, ಹಾಗಾಗಿ ಬಲಿತ ಹಕ್ಕಿಗೂ ಎಳೆಮುಖ. ಹಿರಿದರ ತಲೆ ಉದ್ದ, ಕೊಕ್ಕು ಉದ್ದ. ಮಡಿಸಿದ ರೆಕ್ಕೆಯ ತುದಿ ಕಿರಿದರಲ್ಲಿ ಬಾಲವನ್ನು ಮೀರಿ ಹಿಂದಕ್ಕೆ ಚಾಚಿರುತ್ತದೆ, ಹಿರಿದರಲ್ಲಿ ಸುಮಾರಾಗಿ ಬಾಲದ ತುದಿಗೇ ನಿಲ್ಲುತ್ತದೆ. ಅಳತೆಯ ಮಾತು ಹೇಳುವುದಾದರೆ ಹಿರಿದು 65ರಿಂದ 78 ಸೆಂ.ಮೀ., ಕಿರಿದು 53ರಿಂದ 66. ಎರಡರ ಅಳತೆ ಒಂದು ಸೆಂಟಿಮೀಟರಿನಷ್ಟು ಒಂದರ ಮೇಲೊಂದು ಬೀಳುತ್ತದೆ. ಪಕ್ಕದಲ್ಲಿ ಹೋಲಿಸಲು ಇನ್ನೊಂದು ಹಕ್ಕಿ ಇಲ್ಲದಿದ್ದರೆ ಗಾತ್ರ ನಂಬಬಾರದ ಸಾಕ್ಷಿ.

ನಡೆಯೂ ಉಪಯೋಗಕ್ಕೆ ಬರುತ್ತದೆ. ಕಿರಿದು ಅವಸರದ ಹಕ್ಕಿ. ಹುಲ್ಲನ್ನು ಬೇಗಬೇಗ ಕಿತ್ತು, ಬೇಗಬೇಗ ಹೆಜ್ಜೆ ಹಾಕುತ್ತದೆ. ಹಿರಿಯ ಹಕ್ಕಿಗಳ ಹಿಂಡಿನಲ್ಲಿ ಒಂದು ಮಾತ್ರ ಎಲ್ಲರನ್ನೂ ದಾಟಿ ಮುಂದೆ ಮುಂದೆ ಹೋಗುತ್ತಿದ್ದರೆ ಅದನ್ನು ಮೊದಲು ನೋಡಿ. ದನಿಯಲ್ಲೂ ವ್ಯತ್ಯಾಸವಿದೆ. ಬೂದು ಹೆಬ್ಬಾತಿನದು ಸಾಕು ಹೆಬ್ಬಾತಿನ ಗಟ್ಟಿ ಗಂಟಲು. ಹಿರಿ ಬಿಳಿಹಣೆಯದು ನಗುವಿನಂಥ, ಎರಡು ಮೂರು ಸ್ವರದ ಕೂಗು. ಕಿರಿದರದು ಇನ್ನೂ ಸಣ್ಣ, ಚೀರುವಂತೆ ಏರುದನಿ. ದೊಡ್ಡ ಹಿಂಡು ಮೇಲೆದ್ದಾಗ ಇದೆಲ್ಲ ಒಂದೇ ಗದ್ದಲ. ಎರಡು ಮೂರು ಹಕ್ಕಿ ಬೇರೆಯಾಗಿ ಹಾರಿದಾಗ ಕಿವಿಗೊಟ್ಟರೆ ಪ್ರಯೋಜನವಿದೆ.

ಇದು ಬರೀ ಪಟ್ಟಿ ತುಂಬಿಸುವವರ ಹವ್ಯಾಸವಲ್ಲ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಕಿರು ಬಿಳಿಹಣೆ ಅಪಾಯಕ್ಕೊಳಗಾಗಬಹುದಾದ ಪ್ರಭೇದ, ಹಿರಿ ಬಿಳಿಹಣೆ ಲಕ್ಷಗಟ್ಟಲೆ ಇದೆ. ಹಿರಿದನ್ನು ಬೇಟೆಯಾಡಲು ಕಾನೂನು ಒಪ್ಪುವ ದೇಶಗಳಲ್ಲಿ ಬಂದೂಕು ಹಿಡಿದವನಿಗೆ ಎರಡರ ವ್ಯತ್ಯಾಸ ಮುಂಜಾನೆಯ ಮಬ್ಬಿನಲ್ಲಿ ಕಾಣುವುದಿಲ್ಲ. ನಾವು ಪುಸ್ತಕದಲ್ಲಿ ಹೆಸರು ಹೊಡೆದುಹಾಕಬಹುದು, ಅಲ್ಲಿ ಹಾಗಾಗುವುದಿಲ್ಲ.

ಗುರುತು ಹಿಡಿಯುವುದರಿಂದ ಒಂದು ಸಂಸ್ಥೆಯೇ ಹುಟ್ಟಿದ ಉದಾಹರಣೆಯೂ ಇದೇ ಜೋಡಿಯದು. ಇಂಗ್ಲೆಂಡಿನ ಚಿತ್ರಕಾರ, ನಿಸರ್ಗತಜ್ಞ ಪೀಟರ್ ಸ್ಕಾಟ್ 1945ರ ಡಿಸೆಂಬರಿನಲ್ಲಿ ಸೆವರ್ನ್ ನದೀಮುಖದ ಸ್ಲಿಮ್‌ಬ್ರಿಜ್‌ಗೆ ಹೋದದ್ದು ಹಿರಿ ಬಿಳಿಹಣೆಗಳ ಹಿಂಡಿನಲ್ಲಿ ಕಿರಿದು ಇರಬಹುದೆಂಬ ಸಂದೇಹದಿಂದ. ಇತ್ತು. ಬ್ರಿಟನ್ನಿನಲ್ಲಿ ಆ ಹಕ್ಕಿ ಅತಿ ಅಪರೂಪ. ಮರುವರ್ಷ, 1946ರಲ್ಲಿ, ಅದೇ ಜಾಗದಲ್ಲಿ ಅವರು ಜಲಪಕ್ಷಿಗಳಿಗಾಗಿ ಕಟ್ಟಿದ ಟ್ರಸ್ಟ್ ಇಂದಿಗೂ ಇದೆ. ಸ್ಕಾಟ್ ಅಷ್ಟಕ್ಕೆ ನಿಲ್ಲಲಿಲ್ಲ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಪಶ್ಚಿಮದಲ್ಲಿ ಚಳಿಗಾಲ ಕಳೆಯುವ ಬಿಳಿಹಣೆಗಳ ಕೊಕ್ಕು ಗುಲಾಬಿಯಲ್ಲ, ಕಿತ್ತಳೆ. ಮೈಬಣ್ಣವೂ ಹೆಚ್ಚು ಕಡು. ಅವು ಗ್ರೀನ್‌ಲ್ಯಾಂಡಿನಲ್ಲಿ ಮರಿ ಮಾಡುವ ಬೇರೆ ಉಪಪ್ರಭೇದ ಎಂದು ಡಾಲ್ಗೆಟಿ ಮತ್ತು ಸ್ಕಾಟ್ ವಿವರಿಸಿದ್ದು 1948ರಲ್ಲಿ. ತಲೆಮಾರುಗಳಿಂದ ಬೇಟೆಗಾರರು ಹೊಡೆದು, ಅಂಗಡಿಯಲ್ಲಿ ಮಾರಿ, ಮೇಜಿನ ಮೇಲೆ ಬಡಿಸಿದ ಹಕ್ಕಿಯ ಕೊಕ್ಕಿನ ಬಣ್ಣವನ್ನು ಶಾಸ್ತ್ರ ಲೆಕ್ಕಕ್ಕೆ ತೆಗೆದುಕೊಳ್ಳಲು ಅಷ್ಟು ಕಾಲ ಬೇಕಾಯಿತು. ಎಲ್ಲರೂ ಹಣೆ ನೋಡುತ್ತಿದ್ದರು ಎಂದು ನನ್ನ ಊಹೆ. ಮುಂದೆ 1964ರಿಂದ ಅದೇ ಸ್ಲಿಮ್‌ಬ್ರಿಜ್‌ನಲ್ಲಿ ಸ್ಕಾಟ್ ಬ್ಯೂಯಿಕ್ ಹಂಸಗಳನ್ನು ಕೊಕ್ಕಿನ ಹಳದಿ ಕಪ್ಪು ವಿನ್ಯಾಸದಿಂದಲೇ ಒಂದೊಂದಾಗಿ ಗುರುತಿಸಿ ಹೆಸರಿಟ್ಟರು.

ಕೊಕ್ಕು ಮತ್ತು ಕಾಲಿನಿಂದ ಹಂಸಜಾತಿಯನ್ನು ವಿಂಗಡಿಸುವುದು ನಮಗೆ ಹೊಸದಲ್ಲ. ಅಮರಕೋಶ ಬಾಯಿಪಾಠ ಮಾಡಿದವರಿಗೆ ಸಿಂಹಾದಿವರ್ಗದ ಆ ಶ್ಲೋಕ ನೆನಪಿರಬೇಕು. ಅಲ್ಲಿ ಬಿಳಿಯ ಮೈಯ ಹಂಸಗಳಲ್ಲಿ ಕೊಕ್ಕು ಕಾಲು ಕೆಂಪಾದದ್ದು ರಾಜಹಂಸ, ಮಾಸಲಾದದ್ದು ಮಲ್ಲಿಕಾಕ್ಷ, ಕಪ್ಪಾದದ್ದು ಧಾರ್ತರಾಷ್ಟ್ರ. ಆ ಹೆಸರುಗಳನ್ನು ಇಂದಿನ ಯಾವ ಪ್ರಭೇದಕ್ಕೆ ಅಂಟಿಸಬೇಕೆಂಬ ಚರ್ಚೆಗೆ ನಾನು ಹೋಗುವುದಿಲ್ಲ. ಭಾರತೀಯ ಸಾಹಿತ್ಯ ಮತ್ತು ಶಿಲ್ಪದ ಹಂಸ ಯುರೋಪಿನ ಸ್ವಾನ್ ಅಲ್ಲ, ಹೆಬ್ಬಾತು ಎಂದು ಫೋಗೆಲ್ 1962ರ ಪುಸ್ತಕದಲ್ಲಿ ವಾದಿಸಿದ್ದಾರೆ. ಹೊಯ್ಸಳ ಗುಡಿಗಳ ಹಂಸಪಟ್ಟಿಕೆ ನೋಡಿದವರು ತಮ್ಮ ತಮ್ಮ ತೀರ್ಮಾನಕ್ಕೆ ಬರಬಹುದು. ನನಗೆ ಮುಖ್ಯವೆನಿಸುವುದು ವಿಧಾನ. ಮೈಬಣ್ಣ ಒಂದೇ ಆದಾಗ ಗರಿಯಿಲ್ಲದ ಎರಡು ಅಂಗಗಳ ಕಡೆಗೆ ತಿರುಗು ಎಂಬುದು ಕೋಶಕಾರನ ಕ್ರಮ. ಕೊಕ್ಕು, ಕಾಲುಗಳಿಗೆ ಗರಿಯಂತೆ ಸವೆಯುವ, ಉದುರುವ ಕಾಟವಿಲ್ಲ. ಅಂದ ಹಾಗೆ ಹಂಸದ ತದ್ಭವ ನಮ್ಮಲ್ಲಿ ಅಂಚೆ. ಈಗ ಆ ಮಾತು ಕೇಳಿದರೆ ಹಕ್ಕಿಯ ಬದಲು ಪೋಸ್ಟಾಫೀಸು ಕಣ್ಣಮುಂದೆ ಬರುತ್ತದೆ, ರಾಜಹಂಸವಂತೂ ಫ್ಲೆಮಿಂಗೋ ಪಾಲಾಗಿದೆ.

ಆದರೂ ಕೊಕ್ಕು, ಕಾಲಿನ ಬಣ್ಣವೂ ಮೋಸ ಮಾಡುತ್ತದೆ. ಬೆಳಗಿನ ಮತ್ತು ಸಂಜೆಯ ಬಿಸಿಲಿನಲ್ಲಿ ಗುಲಾಬಿ ಕಾಲು ಕಿತ್ತಳೆಯಾಗಿ ಕಾಣುತ್ತದೆ. ಎರೆಮಣ್ಣು ಮೆತ್ತಿದ ಕಾಲಿಗೆ ಯಾವ ಬಣ್ಣವೂ ಇಲ್ಲ. ಕ್ಯಾಮೆರಾ ತಾನೇ ಬಣ್ಣ ಸರಿಪಡಿಸಿ ಕೊಡುವ ಫೋಟೋಗಳನ್ನು ಇನ್ನೂ ಕಡಿಮೆ ನಂಬಬೇಕು. ಎಳೆಹಕ್ಕಿಗಳ ಕೊಕ್ಕು, ಕಾಲು ಸಾಮಾನ್ಯವಾಗಿ ಮಂಕು. ಬಿಳಿಹಣೆಗಳ ಎಳೆಹಕ್ಕಿಯ ಕೊಕ್ಕಿನ ಉಗುರು ಬಲಿತದ್ದರಂತೆ ಬಿಳಿಯಲ್ಲ, ಕಪ್ಪು.

ಹಾಗಾದರೆ ಎಳೆಯದು ಎಂದು ಹೇಗೆ ತಿಳಿಯುವುದು? ಬೆನ್ನು ಮತ್ತು ಪಕ್ಕೆ ನೋಡಿ. ಬಲಿತ ಹೆಬ್ಬಾತಿನ ಬೆನ್ನಿನ ಗರಿಗಳ ತುದಿ ಚೌಕ, ತಿಳಿ ಅಂಚುಗಳು ಸೇರಿ ಅಡ್ಡಕ್ಕೆ ನೇರ ಗೆರೆಗಳಾಗುತ್ತವೆ, ಹೆಂಚು ಹೊದಿಸಿದ ಸೂರಿನಂತೆ. ಎಳೆಯದರ ಗರಿ ಸಣ್ಣದು, ತುದಿ ಗುಂಡು, ಹಾಗಾಗಿ ಮೈ ಮೀನಿನ ಹುರುಪೆಯಂತೆ ಅಸ್ತವ್ಯಸ್ತ. ನೂರು ಮೀಟರ್ ದೂರದಿಂದ ಬೈನಾಕ್ಯುಲರಿನಲ್ಲೂ ಇದು ಕಾಣುತ್ತದೆ. ನನ್ನ ಮಟ್ಟಿಗೆ ಹೆಬ್ಬಾತು ನೋಡುವಾಗ ಕಣ್ಣು ಮೊದಲು ಹೋಗಬೇಕಾದ ಜಾಗ ಇದೇ. ಚಳಿಗಾಲ ಕಳೆದಂತೆ ಗರಿ ಬದಲಾಗುತ್ತಾ ಎರಡೂ ಬಗೆಯವು ಬೆರೆತಿರುತ್ತವೆ. ಆದ್ದರಿಂದ ಡಿಸೆಂಬರಿನ ತೀರ್ಮಾನವನ್ನು ಫೆಬ್ರುವರಿಗೆ ಹಾಗೆಯೇ ಒಯ್ಯಬಾರದು.

ಬೀನ್ ಹೆಬ್ಬಾತುಗಳ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ, ನಮ್ಮಲ್ಲಿ ಅವು ತೀರ ಅಪರೂಪ. ಕೊಕ್ಕು ಕಪ್ಪು, ಅದಕ್ಕೆ ಕಿತ್ತಳೆ ಪಟ್ಟಿ, ಕಾಲು ಕಿತ್ತಳೆ, ತಲೆ ಕಡುಕಂದು. ಇಷ್ಟು ಕಂಡರೆ ಬೀನ್ ಹೆಬ್ಬಾತು ಎನ್ನಬಹುದು. ಟೈಗಾದ್ದೋ ಟಂಡ್ರಾದ್ದೋ ಎನ್ನಲು ಉದ್ದ ಕತ್ತು, ಉದ್ದ ಕೊಕ್ಕು, ಹೆಚ್ಚು ಕಿತ್ತಳೆಯಿದ್ದರೆ ಟೈಗಾ. ದಪ್ಪ ಮೊಟಕು ಕೊಕ್ಕು, ಕಿರಿದಾದ ಪಟ್ಟಿಯಿದ್ದರೆ ಟಂಡ್ರಾ ಎಂದು ಪುಸ್ತಕಗಳು ಹೇಳುತ್ತವೆ. ನಡುವಿನ ಹಕ್ಕಿಗಳು ಬೇಕಾದಷ್ಟಿವೆ. 2020ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದು ಈ ಎರಡರ ನಡುವೆ ಇತ್ತೀಚಿನ ಕಾಲದಲ್ಲೂ ವಂಶವಾಹಿಗಳ ಕೊಡುಕೊಳು ನಡೆದಿದೆ ಎಂದು ತೋರಿಸಿತು. ಹಕ್ಕಿಗಳೇ ಗಡಿ ಕಾಯದಿರುವಲ್ಲಿ ಒಂದು ಮಸುಕು ಫೋಟೋ ಹಿಡಿದು ನಾವು ಗಡಿ ಹಾಕುವುದು ಬೇಡ. ಇವಕ್ಕೆ ಹತ್ತಿರದ ಗುಲಾಬಿಗಾಲಿನ ಹೆಬ್ಬಾತು ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಸ್ವಾಲ್‌ಬಾರ್ಡ್‌ಗಳಲ್ಲಿ ಮರಿ ಮಾಡಿ ವಾಯವ್ಯ ಯುರೋಪಿಗೆ ಇಳಿಯುವ ಹಕ್ಕಿ. ಬ್ರಿಟನ್, ಡೆನ್ಮಾರ್ಕ್‌ಗಳಲ್ಲಿರುವ ಕನ್ನಡಿಗರು ಅದನ್ನು ಮನೆಯ ಹತ್ತಿರದ ಹೊಲದಲ್ಲೇ ನೋಡಬಹುದು. ಮಾಗಡಿಯಲ್ಲಿ ಅದನ್ನು ನಿರೀಕ್ಷಿಸಬೇಡಿ.

ದಾಖಲೆ ಬರೆಯುವ ಬಗ್ಗೆ ಕೊನೆಗೊಂದು ಕೋರಿಕೆ. ಮಾಗಡಿಯಲ್ಲಾಗಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಾಗಲಿ ಗೀರಿಲ್ಲದ ಹೆಬ್ಬಾತು ಕಂಡರೆ ಅದರ ಮುಖದ ಒಂದೇ ಚಿತ್ರ ತೆಗೆದು ನಿಲ್ಲಿಸಬೇಡಿ. ಕೊಕ್ಕು ಪಕ್ಕದಿಂದ ಕಾಣುವ ಚಿತ್ರ, ಕಾಲು ಕಾಣುವಂತೆ ದಡದ ಮೇಲಿನದು, ಬೆನ್ನಿನ ಗರಿಯದು, ರೆಕ್ಕೆಯ ತುದಿ ಮತ್ತು ಬಾಲದ್ದು, ಸಾಧ್ಯವಾದರೆ ಹಾರುವಾಗಿನ ಅಡಿರೆಕ್ಕೆಯದು ಬೇಕು. ಜೊತೆಗೆ ಅಕ್ಕಪಕ್ಕದ ಹಕ್ಕಿಗಳೂ ಬರುವಂಥ ಒಂದು ಅಗಲ ಚಿತ್ರವಿರಲಿ. ಚೆಂದಕ್ಕೆಂದು ಅದನ್ನು ಕತ್ತರಿಸಬೇಡಿ. ಕತ್ತಿನಲ್ಲಿ ಬಣ್ಣದ ಪಟ್ಟಿ ಕಂಡರೆ ಅದರ ಮೇಲಿನ ಅಕ್ಷರ, ಅಂಕಿಗಳನ್ನು ಬರೆದುಕೊಳ್ಳಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಪಟ್ಟೆತಲೆಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಇಷ್ಟೆಲ್ಲ ಆದ ಮೇಲೂ ಹೆಸರು ಖಚಿತವಾಗದಿದ್ದರೆ “ಬೂದು ಹೆಬ್ಬಾತು ಗುಂಪು, ಎಳೆಹಕ್ಕಿ” ಎಂದು ಬರೆದು ತಾರೀಖು ಹಾಕಿ. ಅದೂ ಪೂರ್ಣ ದಾಖಲೆಯೇ.